ಪಟ್ಟಣದ ಟಂಕಸಾಲೆ, ಪೇಟೆಯ ನಾಲಿಗೆ

ನಾಣ್ಯಕ್ಕೂ ಪದಕ್ಕೂ ಕನ್ನಡದಲ್ಲಿ ಒಂದೇ ಕ್ರಿಯಾಪದ: ಟಂಕಿಸುವುದು. ಈ ಎರಡು ಕೆಲಸಗಳನ್ನೂ ಒಬ್ಬನೇ ದೊರೆ ಒಂದೇ ಊರಿನಲ್ಲಿ ಕೂತು ಮಾಡಿದ್ದಕ್ಕೆ ಶ್ರೀರಂಗಪಟ್ಟಣಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. 1782ರಿಂದ 1799ರವರೆಗೆ ಆಳಿದ ಟಿಪ್ಪು ಸುಲ್ತಾನ್ ತನ್ನ ನಾಣ್ಯಗಳಿಗೆಲ್ಲ ಹೊಸ ಹೆಸರಿಟ್ಟ. ಚಿನ್ನದ ಮೊಹರು ಅಹಮದಿಯಾಯಿತು, ಬೆಳ್ಳಿಯ ರೂಪಾಯಿ ಇಮಾಮಿಯಾಯಿತು, ಎರಡು ರೂಪಾಯಿಯದು ಹೈದರಿಯಾಯಿತು. ತಾಮ್ರದ ಪೈಸೆಗೆ ಜೊಹ್ರಾ, ಅಂದರೆ ಶುಕ್ರಗ್ರಹ. ಅರ್ಧ ಪೈಸೆಗೆ ಬಹ್ರಾಮ್, ಅಂದರೆ ಮಂಗಳ. ಕಾಲು ಪೈಸೆಗೆ ಅಖ್ತರ್, ಅಂದರೆ ನಕ್ಷತ್ರ. ಅದಕ್ಕೂ ಚಿಕ್ಕದಕ್ಕೆ ಕುತುಬ್, ಅಂದರೆ ಧ್ರುವ. ಚಿಲ್ಲರೆ ಕಾಸಿನಲ್ಲಿ ಆಕಾಶವನ್ನೇ ಹಂಚಿದ ಈ ಕಲ್ಪನೆಗೆ ತಲೆದೂಗಲೇಬೇಕು. ಆದರೆ ಈ ಹೆಸರುಗಳು ಇವತ್ತು ನಾಣ್ಯಸಂಗ್ರಾಹಕರ ಪಟ್ಟಿಯಿಂದ ಆಚೆ ಎಲ್ಲೂ ಇಲ್ಲ. ಅದೇ ಪಟ್ಟಣದಲ್ಲಿ ಒಂದೂವರೆ ಶತಮಾನ ಮೊದಲೇ, ಕಂಠೀರವ ನರಸರಾಜ ಒಡೆಯರು (1638–59) ಬೆರಳ ತುದಿಯಷ್ಟು ಚಿನ್ನದ ನಾಣ್ಯವನ್ನು ಅಚ್ಚು ಹಾಕಿಸಿದ್ದರು. ಜನ ಅದನ್ನು ಕಂಠೀರಾಯಿ ಹಣ ಎಂದರು. ಟಿಪ್ಪುವಿನ ಪತನದ ನಂತರವೂ ಮೈಸೂರಿನ ಲೆಕ್ಕಪತ್ರ ಕಂಠೀರಾಯಿಯಲ್ಲೇ ನಡೆಯುತ್ತಿತ್ತು. ಆ ಪುಟ್ಟ ನಾಣ್ಯದ ಜಾತಿಸೂಚಕವಾದ ‘ಹಣ’ ಈಗ ಬ್ಯಾಂಕಿನಲ್ಲಿರುವುದನ್ನೂ ಮೊಬೈಲಿನಲ್ಲಿ ಹೋಗಿಬರುವುದನ್ನೂ ಸೇರಿಸಿ ಸಕಲ ದುಡ್ಡಿಗೂ ಹೆಸರು.

ಹೊಸ ಪದಗಳ ಹುಟ್ಟಿನ ಕಥೆಗಳನ್ನು ನಾವು ಸಾಮಾನ್ಯವಾಗಿ ಟಂಕಸಾಲೆಯ ಕಡೆಯಿಂದಲೇ ಹೇಳುತ್ತೇವೆ. ಇಂಥವರು ಇಂಥ ವರ್ಷ ಇಂಥ ಪದ ಸೃಷ್ಟಿಸಿದರು ಎನ್ನುತ್ತೇವೆ. ಇಂಗ್ಲಿಷಿನ ವಿಚಿತ್ರ ಪದಗಳ ಬಗ್ಗೆ ಬರುವ ಪುಸ್ತಕಗಳಂತೂ ಈ ಬಗೆಯ ಜನ್ಮವೃತ್ತಾಂತಗಳ ಸಂತೆ. ನನ್ನ ವಾದ ಬೇರೆ. ಹುಟ್ಟಿದ ಪದಗಳಲ್ಲಿ ಬದುಕಿದವು ಯಾವುವು ಎಂದು ನೋಡಿದರೆ, ಹೆಚ್ಚಿನವು ನಿಜಕ್ಕೂ ಹೊಸವಲ್ಲ. ಅವು ಜನರ ಕಿವಿಯಲ್ಲಿ ಆಗಲೇ ಇದ್ದ ಮಾತುಗಳು, ಹೊಸ ಕೆಲಸಕ್ಕೆ ನೇಮಕವಾದವು. ಹಾಗಲ್ಲದೆ ಪೂರ್ತಿ ಹೊಸದಾಗಿ ಬಂದು ನಿಂತವು, ಮೊದಲು ಯಾರೂ ಕೂರದ ಖಾಲಿ ಜಾಗದಲ್ಲಿ ಬಂದು ಕೂತವು. ಟಂಕಿಸಿದವರ ಅಧಿಕಾರ, ಪಾಂಡಿತ್ಯ, ಸೌಂದರ್ಯಪ್ರಜ್ಞೆ ಇವೆಲ್ಲ ಎರಡನೆಯ ಮಾತು. ಇದನ್ನು ಪರೀಕ್ಷಿಸಲು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳು ಸಾಕು. ಪಾರಸಿ, ಇಂಗ್ಲಿಷ್, ಸಂಸ್ಕೃತ ಮೂರೂ ಇಲ್ಲಿ ಹೆಸರಿಡುವ ಹಕ್ಕು ಚಲಾಯಿಸಿವೆ. ನಿಘಂಟುಕಾರರೂ ಪದಕರ್ತರೂ ಈ ಸೀಮೆಯಿಂದ ಎದ್ದು ಬಂದಿದ್ದಾರೆ.

ಟಿಪ್ಪುವಿನಿಂದಲೇ ಮುಂದುವರಿಯೋಣ. ಅವನು ಊರುಗಳಿಗೂ ಹೊಸ ಹೆಸರಿಟ್ಟ. ದೇವನಹಳ್ಳಿ ಯೂಸುಫಾಬಾದ್ ಆಯಿತು, ಶಿರಾ ರುಸ್ತುಮಾಬಾದ್ ಆಯಿತು. ಒಂದೂ ನಿಲ್ಲಲಿಲ್ಲ. ಆದರೆ ಪಟ್ಟಣದ ದ್ವೀಪದಲ್ಲೇ ಶಿರಾದ ಕುಟುಂಬಗಳನ್ನು ತಂದು ನೆಲೆಗೊಳಿಸಿದ ಹೊಸ ಪೇಟೆಗೆ ಷಹರ್ ಗಂಜಾಂ ಎಂಬ ಹೆಸರು ಬಂತಲ್ಲ, ಅದು ಇನ್ನೂ ಇದೆ. ‘ಷಹರ್’ ಕಳಚಿ ಗಂಜಾಂ ಉಳಿಯಿತು. ಕಾರಣ ಸರಳ: ದೇವನಹಳ್ಳಿಗೆ ಹೆಸರು ಆಗಲೇ ಇತ್ತು, ಗಂಜಾಮಿಗೆ ಇರಲಿಲ್ಲ. ಮೈಸೂರಿನ ನಜರಬಾದಿಗೂ ಇದೇ ಮಾತು ಬಹುಮಟ್ಟಿಗೆ ಸಲ್ಲುತ್ತದೆ. ಇನ್ನೊಂದು ಹೆಸರು ಇದಕ್ಕಿಂತ ಕುತೂಹಲದ್ದು. ಒಡೆಯರ ಕಾಲದಿಂದ ಬಂದ ದನಕರುಗಳ ಇಲಾಖೆಯನ್ನು ಬೆಣ್ಣೆ ಚಾವಡಿ ಎನ್ನುತ್ತಿದ್ದರು. ಟಿಪ್ಪು ಅದನ್ನು ಅಮೃತ ಮಹಲ್ ಮಾಡಿದ. ಇಲ್ಲಿ ಹಳೆಯ ಹೆಸರು ಗಟ್ಟಿಯಾಗಿಯೇ ಇತ್ತು, ಆದರೂ ಹೊಸದು ಗೆದ್ದಿತು. ಅಮೃತವೂ ಮಹಲೂ ಜನಕ್ಕೆ ಗೊತ್ತಿದ್ದ ಮಾತುಗಳು, ಹಾಲಿನ ಸಂಗದಲ್ಲಿ ಅಮೃತ ಹಿತವಾಗಿ ಕೂರುವ ಮಾತು. ಇಲಾಖೆಯನ್ನು ಕಂಪನಿಯವರು ಮುಂದುವರಿಸಿದ್ದರಿಂದ ಹೆಸರೂ ಉಳಿಯಿತು. ಇಂಗ್ಲಿಷಿನ ಪಶುವೈದ್ಯ ಗ್ರಂಥಗಳಲ್ಲಿ ಅಮೃತಮಹಲ್ ಇಂದಿಗೂ ಒಂದು ತಳಿಯ ಹೆಸರು. ಬೆಣ್ಣೆ ಚಾವಡಿ ಇತಿಹಾಸಕಾರರಿಗೆ ಮಾತ್ರ ಗೊತ್ತು.

ಇಲ್ಲೊಂದು ಆಕ್ಷೇಪ ಏಳುತ್ತದೆ, ಅದು ಹಗುರವಾದದ್ದಲ್ಲ. ಜೊಹ್ರಾ, ಬಹ್ರಾಮ್‌ಗಳು ಸತ್ತದ್ದು ಜನ ಒಪ್ಪದೆಯಲ್ಲ, ಹೆಸರಿಟ್ಟವನೇ 1799ರ ಮೇ 4ರಂದು ಸತ್ತದ್ದರಿಂದ. ಇನ್ನು ಐವತ್ತು ವರ್ಷ ಆಳಿದ್ದರೆ ಅವೂ ರೂಢಿಯಾಗುತ್ತಿದ್ದವು ಎನ್ನಬಹುದು. ಆಗಬಹುದಿತ್ತು. ಅದಕ್ಕೆ ಸಾಕ್ಷಿ ಕಂದಾಯದ ಮಾತಿನಲ್ಲೇ ಇದೆ. ತಾಲ್ಲೂಕು, ತಹಸೀಲ್ದಾರ, ಜಮಾಬಂದಿ ಇವೆಲ್ಲ ಪಾರಸಿ, ಅರಬ್ಬಿಯಿಂದ ಬಂದವು, ಪಹಣಿ ಮರಾಠಿಯಿಂದ ಬಂತು. ರಾಜರು ಬದಲಾದರೂ ಕಚೇರಿ ಬದಲಾಗಲಿಲ್ಲ. ನಾಗಮಂಗಲದ ರೈತ ‘ಪಾಣಿ ತಗಸ್ಬೇಕು’ ಎನ್ನುವಾಗ ಪರಭಾಷೆ ಆಡುತ್ತಿದ್ದೇನೆ ಎಂದು ಅವನಿಗೆ ಅನ್ನಿಸುವುದೇ ಇಲ್ಲ. ಹಾಗಾಗಿ ಅಧಿಕಾರಕ್ಕೆ ಶಕ್ತಿಯಿಲ್ಲ ಎಂದು ನಾನು ಹೇಳುತ್ತಿಲ್ಲ. ಅಧಿಕಾರಕ್ಕೆ ಕಾಲ ಬೇಕು, ಜನ ಅದರ ಬಾಗಿಲಿಗೆ ಮತ್ತೆಮತ್ತೆ ಬರುವಂಥ ಅಗತ್ಯ ಬೇಕು. ಅಷ್ಟಾದರೂ ಅಧಿಕಾರ ಕೊಟ್ಟ ಪದ ಹಾಗೇ ನಿಲ್ಲುವುದಿಲ್ಲ. ಪಹಣಿ ಪಾಣಿಯಾಗುತ್ತದೆ, ಇಲಾಖೆ ಕೊಟ್ಟ ಇಂಗ್ಲಿಷ್ ಹೆಸರು ‘ಆರ್‌ಟಿಸಿ’ ಅದರ ಪಕ್ಕದಲ್ಲಿ ಇನ್ನೊಂದು ಮಾತಾಗಿ ನಿಲ್ಲುತ್ತದೆ.

ಇಂಗ್ಲಿಷರು ಬಂದ ಮೇಲೆ ಹೆಸರಿಡುವ ಎರಡನೆಯ ಸುತ್ತು ಶುರುವಾಯಿತು. ಶ್ರೀರಂಗಪಟ್ಟಣ ಅವರ ಬಾಯಲ್ಲಿ ಸೆರಿಂಗಪಟಮ್ ಆಯಿತು. ಗೆದ್ದ ಸೈನಿಕರಿಗೆ ಕೊಟ್ಟ ಪದಕಕ್ಕೆ ಆ ಹೆಸರು, ಮುಂಬಯಿಯಲ್ಲಿ ಕಟ್ಟಿದ ಯುದ್ಧನೌಕೆಗೆ ಆ ಹೆಸರು, ಆಸ್ಟ್ರೇಲಿಯಾದ ವಾಯವ್ಯ ಕಡಲಿನ ಹವಳದ ದಿಬ್ಬಕ್ಕೂ ಆ ಹೆಸರು. ವಿಲ್ಕಿ ಕಾಲಿನ್ಸ್‌ನ ‘ದಿ ಮೂನ್‌ಸ್ಟೋನ್’ (1868) ಕಾದಂಬರಿಯ ಆರಂಭವೇ ಈ ಕೋಟೆಯ ಮುತ್ತಿಗೆ. ಇಷ್ಟು ಪ್ರಪಂಚ ಸುತ್ತಿದ ಈ ಪದ ಸ್ವಂತ ಊರಿನ ಸಂತೆಯಲ್ಲಿ ಒಂದು ದಿನವೂ ಚಲಾವಣೆಯಾಗಲಿಲ್ಲ. ಅಲ್ಲಿ ಅದು ‘ಪಟ್ಟಣ’ವಾಗಿಯೇ ಇತ್ತು. ಉತ್ತರಕ್ಕೆ ಕೆಲವೇ ಮೈಲಿ ದೂರದ ಹಿರೋಡೆಯ ಕಥೆ ಇನ್ನೂ ಸ್ಪಷ್ಟ. ಹೈದರ್, ಟಿಪ್ಪು ಇವರ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಅಲ್ಲಿನ ಬಂಡೆಗಳ ಬಳಿ ಬೀಡುಬಿಟ್ಟಿದ್ದರೆಂದು ಇಂಗ್ಲಿಷರು ಅದನ್ನು ಫ್ರೆಂಚ್ ರಾಕ್ಸ್ ಎಂದರು. ಗೆಜೆಟಿಯರ್, ನಕ್ಷೆ, ರೈಲು ನಿಲ್ದಾಣದ ಫಲಕ ಎಲ್ಲದರಲ್ಲೂ ಅದೇ. ದಂಡು ಹೋಯಿತು, ಹೆಸರೂ ಹೋಯಿತು. ಆಮೇಲೆ ಅಧಿಕೃತವಾದದ್ದು ಪಾಂಡವಪುರ. ಇದೂ ಸರ್ಕಾರಿ ಟಂಕಸಾಲೆಯದೇ ಅಲ್ಲವೆ, ಇದು ಹೇಗೆ ಉಳಿಯಿತು ಎಂದು ಕೇಳಿದರೆ ಉತ್ತರ ಊರ ಪಕ್ಕದಲ್ಲೇ ಇದೆ. ವನವಾಸದಲ್ಲಿ ಪಾಂಡವರು ತಾಯಿಯೊಡನೆ ಇಲ್ಲಿ ತಂಗಿದ್ದರೆಂಬ ಐತಿಹ್ಯ ಮೊದಲೇ ಇತ್ತು, ಕುಂತಿಬೆಟ್ಟ ಎಂಬ ಹೆಸರೂ ಇತ್ತು. ಹೊಸ ಹೆಸರು ಆ ಬೆಟ್ಟಕ್ಕೆ ಕೈಯಾನಿಸಿ ನಿಂತಿತು. ಹಿರೋಡೆ ಕೂಡ ಪೂರ್ತಿ ಅಳಿಯದೆ ಊರ ಕೆರೆಯ ಹೆಸರಿನಲ್ಲಿ ಕೂತಿದೆ.

ಕೆ.ಆರ್. ಪೇಟೆಯದು ಮತ್ತೊಂದು ಬಗೆ. ಹಿಂದಿನ ಅತ್ತಿಗುಪ್ಪೆ ಅರಸರ ಗೌರವಾರ್ಥ ಕೃಷ್ಣರಾಜಪೇಟೆಯಾಯಿತು. ಅಷ್ಟುದ್ದದ ಹೆಸರನ್ನು ಕಂಡಕ್ಟರು ದಿನಕ್ಕೆ ನೂರು ಸಲ ಕೂಗುವುದು ಆಗದ ಮಾತು. ರಾಜ ಎರಡು ಇಂಗ್ಲಿಷ್ ಅಕ್ಷರವಾದ, ಪೇಟೆ ಪೇಟೆಯಾಗಿಯೇ ಉಳಿಯಿತು. ಕೃಷ್ಣರಾಜಸಾಗರವೂ ಹಾಗೆಯೇ ಕೆಆರ್‌ಎಸ್ ಆಯಿತು. ಮೊದಲಕ್ಷರಗಳನ್ನು ಕೂಡಿಸಿ ಪದ ಮಾಡುವುದು ಇಂಗ್ಲಿಷಿನ ಇಪ್ಪತ್ತನೆಯ ಶತಮಾನದ ಮುಖ್ಯ ಕಸುಬುಗಳಲ್ಲೊಂದು. ರೇಡಾರ್, ಲೇಸರ್ ಎರಡೂ ಹಾಗೆ ಹುಟ್ಟಿದವು. ಕನ್ನಡಕ್ಕೆ ಇದನ್ನು ಕಲಿಸಬೇಕಾಗಿರಲಿಲ್ಲ. ಕುವೆಂಪು ಎಂಬುದು ರೇಡಾರ್ ಮಾದರಿಯ ಪದವೇ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಪು.ತಿ. ನರಸಿಂಹಾಚಾರ್ ಪು.ತಿ.ನ. ಆದದ್ದೂ ಅದೇ ದಾರಿಯಲ್ಲಿ. ಕೆಆರ್‌ಎಸ್ ಕನ್ನಡದ ವಿಭಕ್ತಿ ಹೊದ್ದು ‘ಕೆಆರೆಸ್ಸಿಗೆ’, ‘ಕೆಆರೆಸ್ಸಲ್ಲಿ’ ಎಂದು ಓಡಾಡುತ್ತದೆ. ಆದರೆ ಮಳೆಗಾಲದಲ್ಲಿ ಮಂಡ್ಯದ ರೈತ ಕೇಳುವುದು ‘ಕಟ್ಟೆ ತುಂಬ್ತಾ?’ ಎಂದೇ. ಮುಳುಗಿದ ಕನ್ನಂಬಾಡಿಯ ಹೆಸರಿನ ಕನ್ನಂಬಾಡಿ ಕಟ್ಟೆ ಅದು. ಅಣೆಕಟ್ಟಿನಿಂದ ಹೊರಟ ನಾಲೆಗೆ ವೈಸ್‌ರಾಯ್ ಇರ್ವಿನ್ನನ ಹೆಸರಿತ್ತು, ಆಮೇಲೆ ವಿಶ್ವೇಶ್ವರಯ್ಯನವರ ಹೆಸರು ಬಂತು. ಇಂಗ್ಲಿಷಿನಲ್ಲಿ ಅದು ವಿ.ಸಿ.; ಅದರ ‘ಸಿ’ ಎಂದರೇ ಕಾಲುವೆ. ನಾವು ಅದನ್ನು ವಿ.ಸಿ. ನಾಲೆ ಎನ್ನುತ್ತೇವೆ, ನಾಲೆಯೊಳಗೊಂದು ನಾಲೆ. ವ್ಯಾಕರಣ ಪಂಡಿತರು ಹಣೆ ಚಚ್ಚಿಕೊಳ್ಳಲಿ, ಪದ ನಿಂತಿರುವುದು ಆ ಎರಡನೆಯ ನಾಲೆಯಿಂದಲೇ.

ಪಟ್ಟಣದಿಂದ ಲೋಕಕ್ಕೆ ಹೋದ ಅತಿ ದೊಡ್ಡ ವಸ್ತು ರಾಕೆಟ್. ಮೈಸೂರಿನ ಕಬ್ಬಿಣದ ಕೊಳವೆಯ ರಾಕೆಟ್ಟುಗಳಿಂದ ಪೆಟ್ಟು ತಿಂದ ಇಂಗ್ಲಿಷರು, ಅವನ್ನು ವುಲ್ವಿಚ್‌ಗೆ ಒಯ್ದು ಪರೀಕ್ಷಿಸಿದರು. 1804–05ರ ಹೊತ್ತಿಗೆ ವಿಲಿಯಂ ಕಾಂಗ್ರೀವ್ ತನ್ನ ಹೆಸರಿನ ರಾಕೆಟ್ಟನ್ನು ತಯಾರಿಸಿದ. ವಸ್ತು ಇಲ್ಲಿಂದ ಹೋಯಿತು, ಹೆಸರು ಮಾತ್ರ ಹೋಗಲಿಲ್ಲ. ರಾಕೆಟ್ ಎಂಬುದು ನೂಲು ಸುತ್ತುವ ಉರುಳೆಗೆ ಇಟಲಿಯವರು ಹೇಳುತ್ತಿದ್ದ ಮಾತು. ಆಕಾರದ ಹೋಲಿಕೆಯಿಂದ ಪಟಾಕಿಗೆ ಅಂಟಿ, ಇಂಗ್ಲಿಷಿಗೆ ಬಹಳ ಹಿಂದೆಯೇ ಬಂದಿತ್ತು. ಇತ್ತ ನಮ್ಮವರು ಅದನ್ನು ಬಾಣ ಎಂದರು. ಬಾಣಬಿರುಸು ಎಂಬ ಜೋಡಿಪದದಲ್ಲಿ ಅದು ಇಂದಿಗೂ ಹಬ್ಬಕ್ಕೆ ಸಿಡಿಯುತ್ತದೆ. ಒಂದೇ ಹೊಸ ಅಸ್ತ್ರಕ್ಕೆ ಕಾವೇರಿಯ ದಡದವರು ಬತ್ತಳಿಕೆಯಿಂದ, ಥೇಮ್ಸ್ ದಡದವರು ರಾಟೆಯ ಮನೆಯಿಂದ ಹಳೆಯ ಮಾತೊಂದನ್ನು ಎತ್ತಿಕೊಂಡರು. ಹೊಸ ಪದ ಬೇಕೆಂದು ಇಬ್ಬರಿಗೂ ತೋರಲಿಲ್ಲ.

ಹಾಗಾದರೆ ಇಂಗ್ಲಿಷಿನಲ್ಲಿ ಶೂನ್ಯದಿಂದ ಹುಟ್ಟಿದವು ಎನ್ನಲಾಗುವ ಪದಗಳ ಗತಿಯೇನು? ಹುಡುಕದೆ ಸಿಗುವ ಭಾಗ್ಯಕ್ಕೆ ಹೊರೇಸ್ ವಾಲ್ಪೋಲ್ 1754ರ ಒಂದು ಪತ್ರದಲ್ಲಿ ‘ಸೆರೆಂಡಿಪಿಟಿ’ ಎಂದ. ಸರಂದೀಪ, ಅಂದರೆ ಸಿಂಹಳದ ಮೂವರು ರಾಜಕುಮಾರರ ಪಾರಸಿ ಕಥೆಯಿಂದ ಕಟ್ಟಿದ ಮಾತು ಅದು. ಕಥೆ ಗೊತ್ತಿದ್ದವರು ಕಡಿಮೆ, ಪದ ನೂರು ವರ್ಷಕ್ಕೂ ಮೇಲೆ ಬಹುತೇಕ ಮಲಗಿಯೇ ಇತ್ತು. ಇಪ್ಪತ್ತನೆಯ ಶತಮಾನದಲ್ಲಿ ವಿಜ್ಞಾನಿಗಳಿಗೆ ತಮ್ಮ ಆಕಸ್ಮಿಕ ಶೋಧಗಳನ್ನು ಹೆಸರಿಸುವ ಅಗತ್ಯ ಬಿದ್ದಾಗ ಎದ್ದಿತು. ಕಾರೆಲ್ ಚಾಪೆಕ್‌ನ 1920ರ ನಾಟಕದಿಂದ ಬಂದ ರೋಬಾಟ್ ಅಪ್ಪಟ ಹೊಸದೆಂದು ಕಾಣುತ್ತದೆ. ಅವನಿಗೆ ಅದನ್ನು ಸೂಚಿಸಿದ್ದು ಅಣ್ಣ ಯೋಸೆಫ್. ಮೂಲ ಚೆಕ್ ಭಾಷೆಯ ರೊಬೊತಾ, ಅಂದರೆ ಒಡೆಯನಿಗೆ ಮಾಡಬೇಕಾದ ಬಿಟ್ಟಿ ದುಡಿಮೆ. ನನ್ನ ವಾದಕ್ಕೆ ನಿಜವಾಗಿ ಅಡ್ಡ ಬರುವುದು ಕ್ವಾರ್ಕ್. 1964ರಲ್ಲಿ ಇಬ್ಬರು ಭೌತವಿಜ್ಞಾನಿಗಳು ಒಂದೇ ಕಲ್ಪನೆಯನ್ನು ಬೇರೆಬೇರೆಯಾಗಿ ಮುಂದಿಟ್ಟರು. ಜಾರ್ಜ್ ಜ್ವೈಗ್ ಆ ಕಣಗಳಿಗೆ ಇಸ್ಪೀಟಿನ ‘ಏಸ್’ ಎಂಬ, ಎಲ್ಲರಿಗೂ ಗೊತ್ತಿರುವ ಹೆಸರು ಕೊಟ್ಟ. ಮರ್ರೇ ಗೆಲ್‌ಮನ್ ಜೇಮ್ಸ್ ಜಾಯ್ಸ್‌ನ ಅರ್ಥವಾಗದ ಕಾದಂಬರಿಯಿಂದ ‘ಕ್ವಾರ್ಕ್’ ಎತ್ತಿದ. ಗೊತ್ತಿದ್ದದ್ದು ಸೋತಿತು, ಗೊತ್ತಿಲ್ಲದ್ದು ಗೆದ್ದಿತು. ಇದನ್ನು ಒಪ್ಪಲೇಬೇಕು. ಆದರೆ ಈ ಸ್ಪರ್ಧೆ ನಡೆದದ್ದು ಸಂಶೋಧನ ಪತ್ರಿಕೆಗಳನ್ನು ಓದುವ ಸಣ್ಣ ಬಳಗದೊಳಗೆ. ಅಲ್ಲಿ ಪದಕ್ಕೆ ಬೇಕಾದದ್ದು ಗುರುತು; ನೆನಪಿನ ನಂಟಲ್ಲ. ಹಳೆಯ ಅರ್ಥಗಳ ಗೊಡವೆಯಿಲ್ಲದ ಪದವೇ ಅಂಥವರಿಗೆ ಅನುಕೂಲ. ಕಸುಬಿನವರ ಗುಟ್ಟುಭಾಷೆಗೂ ಪೇಟೆಯ ಮಾತಿಗೂ ನಿಯಮ ಬೇರೆ ಎಂದಷ್ಟೇ ಇದರಿಂದ ತಿಳಿಯುತ್ತದೆ. ಕನ್ನಡದ ಪದರಚನಾ ಸಮಿತಿಗಳು ಅನೇಕ ಸಲ ಮರೆತದ್ದೂ ಇದನ್ನೇ.

ಇನ್ನೊಂದು ಆಕ್ಷೇಪ ನಮ್ಮ ರಸ್ತೆಯ ಮೇಲೇ ಓಡುತ್ತಿದೆ. ಬಸ್ಸು, ಸೈಕಲ್ಲು, ಕರೆಂಟು, ಗ್ಯಾಸು ಇವುಗಳಿಗೆ ಕನ್ನಡದಲ್ಲಿ ಯಾವ ಹಳೆಯ ಬೇರಿತ್ತು? ಬೇರು ಇರಲಿಲ್ಲ, ಜಾಗ ಖಾಲಿ ಇತ್ತು. ವಸ್ತು ಬಂದ ದಿನವೇ ಹೆಸರೂ ಬಂತು, ನಾಲಿಗೆ ಅದರ ಕೊನೆಗೆ ಉಕಾರ ಹಚ್ಚಿ ತನ್ನದು ಮಾಡಿಕೊಂಡಿತು. ಪಂಡಿತರು ಬೇರೆ ಪದ ತರುವ ಹೊತ್ತಿಗೆ ಕುರ್ಚಿ ಭರ್ತಿಯಾಗಿತ್ತು. ಬಸ್ಸಿನ ವಿಷಯದಲ್ಲಿ ಒಂದು ತಮಾಷೆಯುಂಟು. ಲ್ಯಾಟಿನ್ನಿನ ‘ಓಮ್ನಿಬಸ್’ ಎಂದರೆ ‘ಎಲ್ಲರಿಗೂ’. 1820ರ ದಶಕದಲ್ಲಿ ಫ್ರಾನ್ಸಿನ ಸಾರ್ವಜನಿಕ ಕುದುರೆಗಾಡಿಗೆ ಇಟ್ಟ ಹೆಸರು. ಇಂಗ್ಲಿಷರು ತಲೆ ಕತ್ತರಿಸಿ ಬಾಲ ಇಟ್ಟುಕೊಂಡರು. ಆ ಬಾಲ ಬರಿಯ ಚತುರ್ಥೀ ವಿಭಕ್ತಿಯ ಪ್ರತ್ಯಯ, ನಮ್ಮ ‘ಗೆ’ ಇದ್ದ ಹಾಗೆ. ಕೆ.ಆರ್. ಪೇಟೆಯಲ್ಲಿ ‘ಬಸ್ಸಿಗೆ ಹೊತ್ತಾಯ್ತು’ ಎಂದಾಗ ಚತುರ್ಥಿಯ ಮೇಲೊಂದು ಚತುರ್ಥಿ ಹಚ್ಚಿದ್ದೇವೆ. ಕತ್ತರಿಸಿ ಬಿಟ್ಟ ತಲೆ ‘ಓಮ್ನಿ’ಯೂ ವ್ಯರ್ಥವಾಗಲಿಲ್ಲ, ಮಾರುತಿ ಕಂಪನಿಯ ವ್ಯಾನಿನ ಮೇಲೆ ಬಂದು ಅದೇ ರಸ್ತೆಯಲ್ಲಿ ಓಡಾಡಿತು.

ಈ ಹಿನ್ನೆಲೆಯಲ್ಲಿ ಈ ಸೀಮೆಯ ಪದಕರ್ತರ ಕಡೆ ನೋಡಬಹುದು. ಬಿ.ಎಂ. ಶ್ರೀಕಂಠಯ್ಯನವರ ಹೆಸರಿನ ‘ಬಿ’ ನಾಗಮಂಗಲ ತಾಲ್ಲೂಕಿನ ಬೆಳ್ಳೂರು. 1911ರಲ್ಲಿ ಧಾರವಾಡದಲ್ಲಿ ‘ಕನ್ನಡ ಮಾತು ತಲೆಯೆತ್ತುವ ಬಗೆ’ ಎಂಬ ಉಪನ್ಯಾಸ ಕೊಟ್ಟವರು, ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟಿಗಾಗಿ ದುಡಿದವರು. ಇಂಗ್ಲಿಷಿನ ಟ್ರ್ಯಾಜಿಡಿಗೆ ಅವರು ಬಳಸಿದ ಮಾತು ರುದ್ರನಾಟಕ. ಗಾಂಭೀರ್ಯದಲ್ಲಿ ಅದನ್ನು ಮೀರಿಸುವ ಪದ ಇಂದಿಗೂ ಬಂದಿಲ್ಲ ಎಂದು ನನ್ನ ಅನಿಸಿಕೆ. ಆದರೆ ಅದು ಸಾಹಿತ್ಯದ ತರಗತಿ ಬಿಟ್ಟು ಹೊರಬರಲಿಲ್ಲ. ಹೊರಗೆ ಗೆದ್ದದ್ದು ದುರಂತ. ಬಸ್ಸು ನಾಲೆಗೆ ಬಿದ್ದರೂ ದುರಂತ, ಹ್ಯಾಮ್ಲೆಟ್ ಸತ್ತರೂ ದುರಂತ. ರುದ್ರನಾಟಕದ ಪಕ್ಕದಲ್ಲಿ ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾಯರು ತಮ್ಮ ಪ್ರಬಂಧಗಳಿಗಿಟ್ಟ ‘ಹಗಲುಗನಸುಗಳು’ ಎಂಬ ಹೆಸರನ್ನು ಇಟ್ಟು ನೋಡಿ. ಇಂಗ್ಲಿಷಿನ ‘ಡೇಡ್ರೀಮ್’ ಹಿಂದೆ ಇದೆಯೆಂಬುದು ಸ್ಪಷ್ಟ, ಆದರೂ ಹೊರಗಿನದು ಎನ್ನಿಸುವುದಿಲ್ಲ. ಮಳೆಯೊಡನೆ ಕಾಲ ಸೇರಿ ಮಳೆಗಾಲವಾದಂತೆ ಇಲ್ಲಿಯೂ ಕಕಾರ ಗಕಾರವಾಗಿದೆ. ಆದೇಶಸಂಧಿ ಮೊಹರು ಒತ್ತಿದ ಮೇಲೆ ಪದವನ್ನು ಪರಕೀಯ ಎನ್ನುವವರು ಯಾರು? ಇನ್ನೂ ದೊಡ್ಡ ಗೆಲುವು ಕಾದಂಬರಿಯದು. ಬಾಣಭಟ್ಟನ ಕೃತಿಯ, ಅದರ ನಾಯಕಿ ಗಂಧರ್ವಕನ್ಯೆಯ ಹೆಸರು ಯುರೋಪಿನಿಂದ ಬಂದ ಇಡೀ ಪ್ರಕಾರಕ್ಕೆ ಹೆಸರಾಯಿತು. ಮೈಸೂರಿನಲ್ಲಿ 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮನೆಯಲ್ಲೇ ಶುರುಮಾಡಿದ ಬಾನುಲಿ ಕೇಂದ್ರಕ್ಕೆ ಆಕಾಶವಾಣಿ ಎಂದು ಹೆಸರಾಯಿತು. ಅದನ್ನು ಸೂಚಿಸಿದವರೆಂದು ಹೇಳಲಾಗುವ ನಾ. ಕಸ್ತೂರಿಯವರು, ‘ಅನರ್ಥಕೋಶ’ ಬರೆದು ಪದಗಳನ್ನು ತಲೆಕೆಳಗು ಮಾಡಿ ಆಡಿಸಿದವರೂ ಹೌದು. ಕಂಸನನ್ನು ಎಚ್ಚರಿಸಿದ ಅಶರೀರವಾಣಿಯನ್ನು ಹರಿಕಥೆಯಲ್ಲಿ ಕೇಳಿದ ಜನಕ್ಕೆ ಆ ಹೆಸರನ್ನು ವಿವರಿಸಬೇಕಾಗಿರಲಿಲ್ಲ. ಆ ಪದ ಆಮೇಲೆ ದೇಶಕ್ಕೇ ಹೋಯಿತು. ಅಷ್ಟೇ ಶುದ್ಧವಾಗಿ ಕಟ್ಟಿದ ದೂರವಾಣಿ ಲೆಟರ್‌ಹೆಡ್ಡಿನಲ್ಲಿ ಕೂತಿತು. ಮನೆಯಲ್ಲಿ ಬಡಿದದ್ದು ಫೋನೇ.

ಪದಗಳ ಅಂತಿಮ ಲೆಕ್ಕ ಬರೆದವರೂ ಈ ನೆಲದ ಹೆಸರು ಹೊತ್ತವರೇ. 107 ವರ್ಷ ಬಾಳಿ 2021ರಲ್ಲಿ ತೀರಿಕೊಂಡ ಜಿ. ವೆಂಕಟಸುಬ್ಬಯ್ಯನವರ ‘ಜಿ’ ಎಂದರೆ ಗಂಜಾಂ. ಕನ್ನಡದ ಎಂಟು ಸಂಪುಟಗಳ ಬೃಹತ್ ನಿಘಂಟಿನ ಪ್ರಧಾನ ಸಂಪಾದಕರ ಹೆಸರಿನ ಮೊದಲಲ್ಲಿ ಟಿಪ್ಪುವಿನ ಕಾಲದ ಪಾರಸಿ ಚಹರೆಯ ಊರು! ಆ ನಿಘಂಟು ಕನ್ನಡ ಹೇಗಿರಬೇಕೆಂದು ಆಜ್ಞೆ ಮಾಡುವುದಿಲ್ಲ. ಶಾಸನದಿಂದ ಹೊಸಗನ್ನಡದವರೆಗೆ ಪದ ಎಲ್ಲಿ ಹೇಗೆ ಬಳಕೆಯಾಗಿದೆ ಎಂದು ಪ್ರಯೋಗ ಹಿಡಿದು ತೋರಿಸುತ್ತದೆ. ಅವರೇ ‘ಎರವಲು ಪದಕೋಶ’ವನ್ನೂ ಮಾಡಿದರು, ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರ ಪದಸಂದೇಹಗಳಿಗೆ ವರ್ಷಗಟ್ಟಲೆ ಉತ್ತರಿಸಿದರು. ಈ ಅಳತೆಗೋಲಿನಿಂದ ಇಂದಿನ ಗಣಕಯುಗದ ಪದಗಳನ್ನು ನೋಡಿದರೆ ಜಾಲತಾಣ ಪತ್ರಿಕೆಗಳಲ್ಲಿ ನೆಲೆಯೂರಿದೆ. ಜಾಲ, ತಾಣ ಎರಡೂ ಬಳಕೆಯ ಮಾತುಗಳು. ಮಿಂಚಂಚೆ ಅಂದವಾದ ಪದ, ಬರೆಯುವವರಿದ್ದಾರೆ, ಆಡುವವರು ವಿರಳ. ಆ ಕುರ್ಚಿಯಲ್ಲಿ ಇಮೇಲ್ ಮೊದಲೇ ಕೂತುಬಿಟ್ಟಿದೆ. ಗಣಕಯಂತ್ರ ಸರ್ಕಾರಿ ಹುದ್ದೆಗಳ ಹೆಸರಿನಲ್ಲಿ ಪಿಂಚಣಿಗೆ ಕಾಯುತ್ತಿದೆ.

ಇಷ್ಟಾದರೂ ಸರ್ಕಾರಿ ಕನ್ನಡ ಒಮ್ಮೊಮ್ಮೆ ಗುರಿ ಮುಟ್ಟುವುದುಂಟು. ಗ್ರಾಮ ಪಂಚಾಯತಿಯಲ್ಲಿ ಕೊಳವೆ ನೀರು ಬಿಡುವವನಿಗೆ ಇಂಗ್ಲಿಷಿನಲ್ಲಿ ವಾಟರ್‌ಮನ್ ಎಂಬ ಹೆಸರಿದೆ. ಕನ್ನಡದಲ್ಲಿ ಅದಕ್ಕೆ ಜಲ ಸೇರಿಸಿ ನಾಲ್ಕು ಸಂಸ್ಕೃತ ಪದ ಹೊಸೆಯುವುದು ಕಷ್ಟವಿರಲಿಲ್ಲ. ಹಾಗೆ ಮಾಡದೆ, ಕೆರೆಯ ತೂಬು ಎತ್ತಿ ಗದ್ದೆಗದ್ದೆಗೆ ಸರದಿಯಂತೆ ನೀರು ಹಾಯಿಸುತ್ತಿದ್ದ ಹಳೆಯ ನೀರುಗಂಟಿಯನ್ನೇ ಆ ಹುದ್ದೆಗೆ ಕರೆದರು. ಅವನು ಈಗ ತಿರುಗಿಸುವುದು ವಾಲ್ವನ್ನು, ತುಂಬಿಸುವುದು ಓವರ್‌ಹೆಡ್ ಟ್ಯಾಂಕನ್ನು. ಆ ಟ್ಯಾಂಕೂ ಇಂಗ್ಲಿಷಿನ ಸ್ವಂತದ್ದಲ್ಲ. ಪಶ್ಚಿಮ ಭಾರತದ ಕೆರೆಕುಂಟೆಗಳ ಹೆಸರನ್ನು ಪೋರ್ಚುಗೀಸರ ‘ತಾಂಕ್’ ಜೊತೆ ಬೆರೆಸಿಕೊಂಡು ಇಂಗ್ಲಿಷರು ಇಲ್ಲಿಂದಲೇ ಒಯ್ದದ್ದು.